ಮೂಲಗುಣ ಮತ್ತು ಆಶ್ರಿತಗುಣ

ಒಂದೇ ಸಂಗತಿಯನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟರೆ ಎಂದಾದರೊಂದು ದಿನ ಅವು ಪರಸ್ಪರ ವಿರುದ್ಧವಾಗಿ ಸಾಕ್ಷಿ ನುಡಿಯುವುವೆಂಬುದು ಲೆಕ್ಕಪತ್ರದ ಅನುಭವವುಳ್ಳವರಿಗೆಲ್ಲ ವಿದಿತವಾದುದು. ಗಣಕಯಂತ್ರದ ಪ್ರೋಗ್ರಾಮುಗಳಲ್ಲಿಯೂ ಇದೇ ತೊಡಕು ತಲೆದೋರುತ್ತದೆ.

1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೀಗಾರ್ಡ್ ಎಂಬ ವಿದ್ವಾಂಸರು ಸಿಮುಲಾ ಭಾಷೆಯನ್ನು ರೂಪಿಸಿ, ದತ್ತಾಂಶವನ್ನೂ ಅದರ ಮೇಲಣ ಕ್ರಿಯೆಗಳನ್ನೂ ಒಂದೇ ಘಟಕದಲ್ಲಿ ಕೂಡಿಸುವ ಪದ್ಧತಿಗೆ ತಳಹದಿ ಹಾಕಿದರು. ಆ ಘಟಕವೇ ಆಬ್ಜೆಕ್ಟ್, ಎಂದರೆ ವಸ್ತು. ಅದು ಹೊತ್ತಿರುವ ಮೌಲ್ಯಗಳೇ ಅದರ ಗುಣಗಳು.

ನಿಶ್ಚಿತ ಠೇವಣಿಯೊಂದನ್ನು ಇಂತಹ ವಸ್ತುವೆಂದು ಭಾವಿಸಬಹುದು. ಅಸಲು 10,000 ರೂಪಾಯಿ, ಸರಳಬಡ್ಡಿ ವರ್ಷಕ್ಕೆ ಶೇಕಡಾ 8, ಅವಧಿ 2 ವರ್ಷ: ಇವು ಮೂಲಗುಣಗಳು. ಅವಧಿ ಮುಗಿದಾಗ ಸಲ್ಲತಕ್ಕ 11,600 ರೂಪಾಯಿ ಇವುಗಳನ್ನು ಅವಲಂಬಿಸಿದ ಆಶ್ರಿತಗುಣ. ವಸ್ತುವನ್ನು ಸೃಷ್ಟಿಸುವಾಗಲೇ ಈ ಮೊತ್ತವನ್ನು ಬರೆದಿಟ್ಟಿದ್ದು, ಅವಧಿ ತಪ್ಪಾಗಿ ನಮೂದಾಗಿತ್ತೆಂದು ಅನಂತರ ಅದೊಂದನ್ನೇ 3 ವರ್ಷಕ್ಕೆ ತಿದ್ದಿದರೆ, ಸಲ್ಲಬೇಕಾದುದು 12,400 ರೂಪಾಯಿಯಾದರೂ ವಸ್ತು 11,600 ಎಂದೇ ನುಡಿಯುತ್ತಿರುತ್ತದೆ. ಯಂತ್ರ ಯಾವ ದೋಷವನ್ನೂ ಸೂಚಿಸುವುದಿಲ್ಲ. ನಷ್ಟ ಮಾತ್ರ ಠೇವಣಿದಾರನದು.

ಇದಕ್ಕೆ ಪರಿಹಾರಗಳು ಮುಖ್ಯವಾಗಿ ಮೂರು. ಮೊದಲನೆಯದು, ಆಶ್ರಿತಗುಣವನ್ನು ಬರೆದಿಡದೆ ಕೇಳಿದಾಗಲೆಲ್ಲ ಮೂಲದಿಂದ ಲೆಕ್ಕಹಾಕುವುದು. ಪೈಥಾನ್ ಭಾಷೆಯ ‘ಪ್ರಾಪರ್ಟಿ’ ಇದಕ್ಕೆ ಅನುಕೂಲವಾದ ಸಾಧನ. ಹೊರಗಿನಿಂದ ಅದು ಬರೆದಿಟ್ಟ ಗುಣದಂತೆಯೇ ಕಾಣುತ್ತದೆ, ಒಳಗೆ ಲೆಕ್ಕ ನಡೆಯುತ್ತದೆ. ಸಾಧಾರಣವಾಗಿ ಇದೇ ಉತ್ತಮ. ಎರಡನೆಯದು, ಲೆಕ್ಕ ಬಹಳ ದೀರ್ಘವಾದುದಾದರೆ ಫಲವನ್ನು ಸಂಗ್ರಹಿಸಿಟ್ಟು, ಮೂಲಗುಣವನ್ನು ತಿದ್ದಲು ಒಂದೇ ಬಾಗಿಲನ್ನಿರಿಸಿ, ಆ ಬಾಗಿಲಲ್ಲಿಯೇ ಹಳೆಯ ಫಲವನ್ನು ರದ್ದುಪಡಿಸುವುದು. ಮೂರನೆಯದು, ಆಶ್ರಿತಗುಣವು ಬೇರೊಂದು ವಸ್ತುವಿನಲ್ಲಿದ್ದರೆ ಮೂಲವು ಬದಲಾದೊಡನೆ ಆ ವಸ್ತುವಿಗೆ ಸುದ್ದಿ ಮುಟ್ಟಿಸುವುದು. ಎರಿಕ್ ಗಾಮಾ ಮತ್ತು ಸಂಗಡಿಗರ 1994ರ ಗ್ರಂಥದಲ್ಲಿ ಈ ವ್ಯವಸ್ಥೆಗೆ ‘ಅಬ್ಸರ್ವರ್’ ಎಂದು ಹೆಸರು.

ಆದರೆ ಮೂಲವನ್ನು ಹಿಂಬಾಲಿಸಬಾರದ ಮೊತ್ತಗಳೂ ಉಂಟು. ಭಾರತದ ಬ್ಯಾಂಕುಗಳಲ್ಲಿ ಉಳಿತಾಯ ಖಾತೆಯ ಬಡ್ಡಿಯನ್ನು ಹಿಂದೆ ಪ್ರತಿ ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿನ ಮೇಲೆ ಲೆಕ್ಕಹಾಕುತ್ತಿದ್ದರು; 2010ರ ಏಪ್ರಿಲ್ 1ರಿಂದ ದಿನದಿನದ ಶಿಲ್ಕು ಆಧಾರವಾಯಿತು. ಈ ಹೊಸ ನಿಯಮವು ಅದಕ್ಕೆ ಮೊದಲೇ ಜಮೆಯಾಗಿದ್ದ ಬಡ್ಡಿಯನ್ನು ಮುಟ್ಟಕೂಡದು. ಮುಂದೆ ಬರಲಿರುವ ಬಡ್ಡಿ ಆಶ್ರಿತಗುಣ. ಒಮ್ಮೆ ಜಮೆಯಾದ ಮೇಲೆ ಅದು ನಡೆದುಹೋದ ಸಂಗತಿ, ಆದುದರಿಂದ ತಾನೇ ಒಂದು ಮೂಲ. ಈ ಭೇದವನ್ನು ಯಂತ್ರ ತಾನಾಗಿ ಅರಿಯದು. ಪ್ರೋಗ್ರಾಮು ಬರೆಯುವವನೇ ಮೊದಲು ಅರಿತು ಅದಕ್ಕೆ ತಿಳಿಸಬೇಕು.