ಮಗುವಿನ ಹೃದಯದಲ್ಲಿ ರಂಧ್ರವೇ? ತಡ ಮಾಡಬೇಡಿ

ಹಾಲು ಕುಡಿಯುವಾಗ ನಿಮ್ಮ ಮಗುವಿನ ಹಣೆ ಬೆವರುತ್ತದೆಯೇ? ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಏದುಸಿರು ಬಿಡುತ್ತದೆಯೇ? ತೂಕ ಏರದೆ, ಮತ್ತೆ ಮತ್ತೆ ನ್ಯುಮೋನಿಯಾ ಬರುತ್ತಿದೆಯೇ? ದೃಷ್ಟಿ ತಾಗಿರಬೇಕು, ಹಾಲು ಸಾಲುತ್ತಿಲ್ಲ ಎಂದುಕೊಂಡು ದಿನ ದೂಡಬೇಡಿ. ಮಕ್ಕಳ ತಜ್ಞರಿಗೆ ತೋರಿಸಿ.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಹೃದಯದ ಜನ್ಮಜಾತ ದೋಷವಿರುತ್ತದೆ. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿರುವ ರಂಧ್ರ. ಇದಕ್ಕೆ ತಾಯಿಯನ್ನು ದೂರುವುದು ಸರಿಯಲ್ಲ. ಬಹುತೇಕ ಮಕ್ಕಳಲ್ಲಿ ನಿರ್ದಿಷ್ಟ ಕಾರಣವೇ ಸಿಗುವುದಿಲ್ಲ.

ರಂಧ್ರದ ಗಾತ್ರ ಎಕೋ ಪರೀಕ್ಷೆಯಲ್ಲಿ ತಿಳಿಯುತ್ತದೆ. ಚಿಕ್ಕ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ರಂಧ್ರ ದೊಡ್ಡದಿದ್ದರೆ ಶ್ವಾಸಕೋಶಕ್ಕೆ ಅತಿಯಾಗಿ ರಕ್ತ ನುಗ್ಗುತ್ತದೆ. ಹೀಗೇ ವರ್ಷಗಳು ಕಳೆದರೆ ಅಲ್ಲಿನ ರಕ್ತನಾಳಗಳು ಗಡುಸಾಗುತ್ತವೆ. ಆ ಹಂತ ಮೀರಿದ ಮೇಲೆ ರಂಧ್ರ ಮುಚ್ಚುವುದೇ ಜೀವಕ್ಕೆ ಅಪಾಯ. ಆದ್ದರಿಂದ ದೊಡ್ಡ ರಂಧ್ರಕ್ಕೆ ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ‘ಸ್ವಲ್ಪ ದೊಡ್ಡದಾಗಲಿ’ ಎಂದು ನೀವೇ ತೀರ್ಮಾನಿಸಬೇಡಿ.

1954ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಮೊದಲ ಬಾರಿಗೆ ಇಂತಹ ರಂಧ್ರ ಮುಚ್ಚಿದಾಗ, ಮಗುವಿನ ರಕ್ತನಾಳಗಳನ್ನು ತಂದೆಯ ರಕ್ತನಾಳಗಳಿಗೆ ಕೊಳವೆಗಳಿಂದ ಜೋಡಿಸಲಾಗಿತ್ತು. ಶಸ್ತ್ರಚಿಕಿತ್ಸೆಯ ವೇಳೆ ಮಗುವಿನ ಹೃದಯ, ಶ್ವಾಸಕೋಶಗಳ ಕೆಲಸವನ್ನು ತಂದೆಯ ದೇಹ ಮಾಡಿತು. ಇಂದು ಆ ಕೆಲಸಕ್ಕೆ ಯಂತ್ರವಿದೆ. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ರಂಧ್ರಕ್ಕೆ ತೇಪೆ ಹೊಲಿಯುತ್ತಾರೆ. ಕೆಲವು ರಂಧ್ರಗಳನ್ನು ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕವೂ ಮುಚ್ಚಬಹುದು.

ಎದೆಯ ಮೇಲೆ ಕಲೆ ಉಳಿದರೆ ಮುಂದೆ ಮದುವೆಗೆ ತೊಂದರೆ ಎಂದು ಹೆಣ್ಣು ಮಗುವಿನ ಚಿಕಿತ್ಸೆ ಮುಂದೂಡುವವರಿದ್ದಾರೆ. ಕಲೆ ದಿನ ಕಳೆದಂತೆ ಮಾಸುತ್ತದೆ. ಕಳೆದುಹೋದ ಸಮಯ ಮರಳಿ ಬಾರದು.

ಖರ್ಚಿನ ಚಿಂತೆಯಿದ್ದರೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹಾಗೂ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗಳ ಬಗ್ಗೆ ವಿಚಾರಿಸಿ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ಶಸ್ತ್ರಚಿಕಿತ್ಸೆಯ ನಂತರ ಗಾಯವನ್ನು ಒಣಗಿಸಿ ಶುಚಿಯಾಗಿಡಿ. ಮಗುವನ್ನು ಕಂಕುಳಲ್ಲಿ ಕೈಯಿಟ್ಟು ಎತ್ತಬೇಡಿ. ಕತ್ತು ಮತ್ತು ಪೃಷ್ಠಕ್ಕೆ ಆಸರೆ ಕೊಟ್ಟು ಎತ್ತಿ. ಹಲ್ಲು ಬಂದ ಮೇಲೆ ದಿನಕ್ಕೆರಡು ಬಾರಿ ಉಜ್ಜಿಸಿ. ಹುಳುಕು ಹಲ್ಲಿನ ಸೋಂಕು ರಕ್ತದ ಮೂಲಕ ಹೃದಯಕ್ಕೂ ತಲುಪಬಲ್ಲದು. ವೈದ್ಯರು ಹೇಳಿದ ದಿನ ತಪ್ಪದೆ ತೋರಿಸಿ. ಸಕಾಲದಲ್ಲಿ ಚಿಕಿತ್ಸೆ ಪಡೆದ ಹೆಚ್ಚಿನ ಮಕ್ಕಳು ಎಲ್ಲರಂತೆ ಓಡಿ ಆಡಿ ಬೆಳೆಯುತ್ತಾರೆ.