ಕೆಂಪು ಮಣ್ಣಿನ ಹ್ಯೂಮಿಕ್ ದ್ರವ್ಯದಲ್ಲಿ ಸ್ಥಿರವಾದ ಮುಕ್ತ ರ್‍ಯಾಡಿಕಲ್‌ಗಳು

ದೊಡ್ಡಬಳ್ಳಾಪುರದ ಸುತ್ತಣ ರಾಗಿಯ ಹೊಲಗಳ ಮಣ್ಣು ಬಹುಮಟ್ಟಿಗೆ ಕೆಂಪು. ಗ್ರಾನೈಟು ಮತ್ತು ನೈಸ್ ಶಿಲೆಗಳು ಶಿಥಿಲವಾಗಿ ಉಂಟಾದ ಈ ಮಣ್ಣಿಗೆ ಬಣ್ಣವನ್ನಿತ್ತಿರುವುದು ಕಬ್ಬಿಣದ ಆಕ್ಸೈಡುಗಳು. ಸಾವಯವ ದ್ರವ್ಯವು ಇದರಲ್ಲಿ ಸಾಮಾನ್ಯವಾಗಿ ಅಲ್ಪ. ಆದುದರಿಂದಲೇ ನಮ್ಮ ರೈತರು ತಿಪ್ಪೆಗೊಬ್ಬರ, ಹೊಂಗೆಯ ಸೊಪ್ಪು, ಕೆರೆಯ ಗೋಡು ಇವನ್ನು ಹೊಲಕ್ಕೆ ಹೊಡೆಯುತ್ತ ಬಂದಿದ್ದಾರೆ. ಹೀಗೆ ಸೇರಿದುದರ ಬಹುಭಾಗವು ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಹೋಗುತ್ತದೆ. ಉಳಿದುದರಿಂದ ಕ್ಷಾರದ್ರಾವಣವು ಕರಗಿಸಿ ತೆಗೆಯುವ ಕಪ್ಪು-ಕಂದು ಪದಾರ್ಥವೇ ಹ್ಯೂಮಿಕ್ ದ್ರವ್ಯ. ಆಮ್ಲವನ್ನು ಬೆರೆಸಿದಾಗ ತಳಕ್ಕಿಳಿಯುವ ಭಾಗ ಹ್ಯೂಮಿಕ್ ಆಮ್ಲ. ದ್ರಾವಣದಲ್ಲಿಯೇ ನಿಲ್ಲುವ ಭಾಗ ಫಲ್ವಿಕ್ ಆಮ್ಲ.

ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿರುತ್ತವೆ. ಜೋಡಿಯಿಲ್ಲದ ಎಲೆಕ್ಟ್ರಾನುಳ್ಳ ಅಣುವನ್ನು ಮುಕ್ತ ರ್‍ಯಾಡಿಕಲ್ ಎನ್ನುತ್ತೇವೆ. ಇಂತಹವು ಬಹುಪಾಲು ಕ್ಷಣಜೀವಿಗಳು. ಆದರೆ 1900ರಲ್ಲಿ ಗೋಂಬರ್ಗನು ಬಾಳಿಕೆಯುಳ್ಳ ಮುಕ್ತ ರ್‍ಯಾಡಿಕಲ್ ಒಂದನ್ನು ತೋರಿಸಿದನು. ಮಣ್ಣಿನ ಹ್ಯೂಮಿಕ್ ಆಮ್ಲದಲ್ಲಿಯೂ ಅಂತಹವು ಉಂಟೆಂಬುದನ್ನು 1960ರಲ್ಲಿ ರೆಕ್ಸ್ ಪ್ರಕಟಿಸಿದನು. ಇವು ಮುಖ್ಯವಾಗಿ ಸೆಮಿಕ್ವಿನೋನ್ ಜಾತಿಯವೆಂದು ಭಾವಿಸಲಾಗಿದೆ. ಎಲೆಕ್ಟ್ರಾನನ್ನು ಕೊಡಲೂ ಕೊಳ್ಳಲೂ ಶಕ್ತವಾದ ಇವು ಮಣ್ಣಿನ ಆಕ್ಸೀಕರಣ-ಅಪಕರ್ಷಣ ಕ್ರಿಯೆಗಳಲ್ಲಿ ಭಾಗವಹಿಸಬಲ್ಲವು.

ಇವನ್ನು ಕಾಣುವ ಸಾಧನವು ಎಲೆಕ್ಟ್ರಾನ್ ಭ್ರಮಣ ಅನುರಣನ ರೋಹಿತದರ್ಶಕ. ಇದರ ಮೂಲತತ್ತ್ವವನ್ನು 1944ರಲ್ಲಿ ಕಜಾನಿನಲ್ಲಿ ಜವೊಯಿಸ್ಕಿಯು ಪ್ರಯೋಗದಿಂದ ಸ್ಥಾಪಿಸಿದನು. ಜೋಡಿಯಿಲ್ಲದ ಎಲೆಕ್ಟ್ರಾನು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಕಾಂತಕ್ಷೇತ್ರದಲ್ಲಿ ಅದಕ್ಕೆ ಎರಡು ಶಕ್ತಿಮಟ್ಟಗಳುಂಟು. ಅವುಗಳ ಅಂತರಕ್ಕೆ ಸರಿಯಾದ ಸೂಕ್ಷ್ಮತರಂಗವು ಬಿದ್ದಾಗ ಎಲೆಕ್ಟ್ರಾನು ಶಕ್ತಿಯನ್ನು ಹೀರಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು 950 ಕೋಟಿ ಆವರ್ತಗಳ ತರಂಗವನ್ನು ಬಳಸಿದರೆ, ಹ್ಯೂಮಿಕ್ ರ್‍ಯಾಡಿಕಲ್ಲಿನ ರೇಖೆಯು ಸುಮಾರು 3,400 ಗೌಸ್ ಕ್ಷೇತ್ರದಲ್ಲಿ ಕಾಣುತ್ತದೆ. ಅದರ ಅಗಲ ಕೆಲವೇ ಗೌಸ್, ಜಿ-ಮೌಲ್ಯ 2.003ರಿಂದ 2.004ರ ಆಸುಪಾಸು. ರೇಖೆಯ ವಿಸ್ತೀರ್ಣವನ್ನು ತಿಳಿದ ಪ್ರಮಾಣವಸ್ತುವಿನೊಡನೆ ಹೋಲಿಸಿ ರ್‍ಯಾಡಿಕಲ್‌ಗಳ ಸಂಖ್ಯೆಯನ್ನು ಎಣಿಸಬಹುದು.

ಆದರೆ ನಮ್ಮ ಕೆಂಪು ಮಣ್ಣಿನಲ್ಲಿ ಇದು ಸುಲಭವಲ್ಲ. ಕಬ್ಬಿಣದ ಆಕ್ಸೈಡುಗಳು ಬಹು ಅಗಲವಾದ, ಬಲವಾದ ರೇಖೆಗಳನ್ನು ಕೊಟ್ಟು, ಸಣ್ಣ ರೇಖೆಯನ್ನು ಮುಚ್ಚಿಬಿಡುತ್ತವೆ. ಮ್ಯಾಂಗನೀಸಿದ್ದರೆ ಅದರ ಆರು ರೇಖೆಗಳೂ ಅದೇ ಎಡೆಯಲ್ಲಿ ಬೀಳುತ್ತವೆ. ಹೈಡ್ರೋಫ್ಲೋರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ದುರ್ಬಲ ಮಿಶ್ರಣದಿಂದ ತೊಳೆದು ಲೋಹಗಳನ್ನು ಬಹುಮಟ್ಟಿಗೆ ತೆಗೆಯಬಹುದು. ಆದರೆ ತೊಳೆದ ಮೇಲೆ ನಮ್ಮ ಕೈಯಲ್ಲಿರುವುದು ಹೊಲದ ಮಣ್ಣಲ್ಲವೆಂಬುದನ್ನು ಮರೆಯಲಾಗದು.

ಇದಕ್ಕಿಂತಲೂ ಗಹನವಾದ ಸಂದೇಹವೊಂದಿದೆ. ಕ್ಷಾರದ್ರಾವಣಕ್ಕೆ ಗಾಳಿ ಸೋಕಿದರೆ ಫಿನಾಲುಗಳು ಆಕ್ಸೀಕರಣಗೊಂಡು ಹೊಸ ಸೆಮಿಕ್ವಿನೋನುಗಳು ಹುಟ್ಟುತ್ತವೆ. ಹಾಗಾದರೆ ನಾವು ಎಣಿಸಿದ ರ್‍ಯಾಡಿಕಲ್‌ಗಳು ಹೊಲದವೋ, ಗಾಜಿನ ಪಾತ್ರೆಯವೋ? 2015ರಲ್ಲಿ ಲೆಹ್ಮನ್ ಮತ್ತು ಕ್ಲೆಬರ್ ಅವರು, ಹ್ಯೂಮಿಕ್ ದ್ರವ್ಯವೆಂಬ ಪ್ರತ್ಯೇಕ ವರ್ಗವು ಮಣ್ಣಿನಲ್ಲಿದೆಯೆಂಬ ನಂಬಿಕೆಯನ್ನೇ ಪ್ರಶ್ನಿಸಿದರು. ಅವರ ಮತದಂತೆ ಮಣ್ಣಿನಲ್ಲಿರುವುದು ಕ್ರಮವಾಗಿ ಒಡೆಯುತ್ತಿರುವ ಸಾವಯವ ಪದಾರ್ಥಗಳ ನಿರಂತರ ಶ್ರೇಣಿ.

ಆದುದರಿಂದ ಈ ವಿಷಯವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಕೆಲವು ನಿಯಮಗಳನ್ನು ಪಾಲಿಸುವುದು ಉಚಿತ. ಮೊದಲು ಇಡೀ ಮಣ್ಣಿನ ರೋಹಿತವನ್ನು ತೆಗೆಯಬೇಕು, ಅನಂತರ ಸಾರದ್ದು. ಸಾರವನ್ನು ನೈಟ್ರೋಜನ್ ಅನಿಲದಡಿಯಲ್ಲಿ ತೆಗೆಯಬೇಕು. ನೀರು ಸೂಕ್ಷ್ಮತರಂಗವನ್ನು ಹೀರುವುದರಿಂದ ಮಾದರಿಯು ಒಣಗಿರಬೇಕು. ರೇಖೆಯು ಸಂತೃಪ್ತವಾಗದಂತೆ ತರಂಗದ ಶಕ್ತಿ ಅಲ್ಪವಾಗಿರಬೇಕು. ಫಲಿತಾಂಶವನ್ನು ಒಂದು ಗ್ರಾಂ ಇಂಗಾಲಕ್ಕೆ ಇಷ್ಟೆಂದು ಹೇಳಬೇಕು. ಗೊಬ್ಬರ ಕಂಡ ಹೊಲದೊಡನೆ ಕಾಣದ ಹೊಲವನ್ನೂ ಇಟ್ಟು ಅಳೆಯಬೇಕು.

ರ್‍ಯಾಡಿಕಲ್‌ಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮಣ್ಣು ಫಲವತ್ತಾಯಿತೆಂದು ರೈತನಿಗೆ ಹೇಳಲು ನಮಗೆ ಅಧಿಕಾರವಿಲ್ಲ. ಯಂತ್ರವು ಕೊಡುವುದು ಒಂದು ರೇಖೆಯನ್ನು; ಅದು ಹೊಲದ ಗುಣವೋ ನಮ್ಮ ವಿಧಾನದ ಫಲವೋ ಎಂಬುದನ್ನು ಬೇರ್ಪಡಿಸುವುದು ಸಂಶೋಧಕನ ಹೊಣೆ.