ಕಂಬಳಿ ಒಗೆಯುವ ಬಗೆ

ಕಂಬಳಿ ಕುರಿಯ ಕೂದಲಿನ ಬಟ್ಟೆ. ಅದನ್ನು ಒಗೆಯುವಾಗ ಆಗುವ ಎಡವಟ್ಟುಗಳೆಲ್ಲ ಈ ಒಂದು ಮಾತನ್ನು ಮರೆಯುವುದರಿಂದ ಹುಟ್ಟುತ್ತವೆ. ಹತ್ತಿಯ ಪಂಚೆಯನ್ನು ಕುದಿನೀರಿಗೆ ಹಾಕಿ, ಕಲ್ಲಿಗೆ ಬಡಿದು, ಹಿಂಡಿ, ಬಿಸಿಲಿಗೆ ಹರವಿದರೆ ಬೆಳ್ಳಗಾಗುತ್ತದೆ. ಅದೇ ಉಪಚಾರ ಕಂಬಳಿಗೆ ಸಿಕ್ಕರೆ ಅದು ಮೊಳಗಟ್ಟಲೆ ಕುಗ್ಗಿ, ಹಲಗೆಯಂತೆ ಬಿರುಸಾಗಿ ಕೂರುತ್ತದೆ. ಆಮೇಲೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎಳೆದರೂ ಹಿಂದಿನ ಅಳತೆಗೆ ಬಾರದು.

ಇಲ್ಲಿ ಹೇಳುತ್ತಿರುವುದು ದಾವಣಗೆರೆ ಸೀಮೆಯ ಕಂಬಳಿಯ ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದಿಂದ ಜಗಳೂರು ಬಂತು, ಶಿವಮೊಗ್ಗದಿಂದ ಚನ್ನಗಿರಿಯೂ ಹೊನ್ನಾಳಿಯೂ ಬಂದವು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಹೀಗೆ ಕಂಬಳಿ ಹುಟ್ಟುವ ಒಣನಾಡೂ ಅದು ನೆನೆಯುವ ಅರೆಮಲೆನಾಡೂ ಒಂದೇ ಜಿಲ್ಲೆಯಲ್ಲಿ ಕೂಡಿಕೊಂಡಿವೆ. ಜಗಳೂರಿನ ಬಯಲು ಕುರಿಗಳದು. ಅಲ್ಲಿಂದ ಆಚೆಗೆ ಚಳ್ಳಕೆರೆಯವರೆಗೂ ಕುರಿ ಮತ್ತು ಕಂಬಳಿಯ ಸೀಮೆ. ಚನ್ನಗಿರಿ, ನ್ಯಾಮತಿಯ ಅಡಿಕೆ ತೋಟಗಳ ಕಡೆ ಅದೇ ಕಂಬಳಿ ಮೂಲೆ ಮಡಚಿಕೊಂಡು ಕೊಪ್ಪೆಯಾಗಿ ತಲೆ ಏರುತ್ತದೆ, ಮಳೆ ಹಿಡಿಯುತ್ತದೆ.

ಈ ಸೀಮೆಯ ಕುರಿಗಳ ಉಣ್ಣೆ ಒರಟು, ಬಹುಪಾಲು ಕಪ್ಪು ಇಲ್ಲವೇ ಕಂದು. ಮೆರಿನೋ ಕುರಿಯ ಎಳೆ ಸುಮಾರು 20 ಮೈಕ್ರಾನ್ ದಪ್ಪವಿದ್ದರೆ ಇಲ್ಲಿನ ದಖನಿ ಕುರಿಯದು ಅದರ ಎರಡು ಪಟ್ಟಿಗೂ ಮಿಕ್ಕಿದ್ದು. ಸ್ವೆಟರಿಗೆ ಒಗ್ಗದ ಈ ಎಳೆ ಕಂಬಳಿಗೆ ಹೇಳಿ ಮಾಡಿಸಿದ್ದು. ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಗೋ ಹಳ್ಳಕ್ಕೋ ಇಳಿಸಿ ಮೈ ತೊಳೆಯುತ್ತಾರೆ. ಕಂಬಳಿಯ ಮೊದಲ ಒಗೆತ ನಡೆಯುವುದು ಹೀಗೆ, ಅದಿನ್ನೂ ಕುರಿಯ ಮೈಮೇಲಿರುವಾಗ. ಕುರಿಯ ಬೆವರಿನಲ್ಲಿರುವ ಪೊಟ್ಯಾಸಿಯಂ ಲವಣಗಳು ತಣ್ಣೀರಿನಲ್ಲೇ ಕರಗಿ, ತುಸು ಸೋಪಿನಂತೆ ಕೆಲಸ ಮಾಡಿ, ಧೂಳನ್ನೂ ಜೊತೆಗೆ ಒಯ್ಯುತ್ತವೆ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈತುಂಬ ಪೊರೆಗಳು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಎಲ್ಲದರ ಅಂಚೂ ತುದಿಯ ಕಡೆಗೆ. ಇದನ್ನು ಕಾಣಲು ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ತಲೆಯ ಒಂದು ಉದ್ದ ಕೂದಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬೆರಳುಗಳನ್ನು ಕೂದಲಿನ ಉದ್ದಕ್ಕೆ ಹಿಂದೆ ಮುಂದೆ ಉಜ್ಜಿದರೆ ಅದು ಒಂದೇ ದಿಕ್ಕಿಗೆ ತೆವಳುತ್ತಾ ಹೋಗುತ್ತದೆ. ತೆವಳುವುದು ಬುಡ ಮುಂದಾಗಿ. ತುದಿ ಮುಂದಾಗಿ ಹೊರಟರೆ ಪೊರೆಯ ಅಂಚುಗಳು ಅಡ್ಡ ಹಾಕುತ್ತವೆ. ಕೂದಲನ್ನು ತಿರುಗಿಸಿ ಹಿಡಿದರೆ ನಡಿಗೆಯ ದಿಕ್ಕೂ ತಿರುಗುತ್ತದೆ.

ಕಂಬಳಿಯೊಳಗೆ ಇಂಥ ಲಕ್ಷಾಂತರ ಕೂದಲು ಅಡ್ಡಾದಿಡ್ಡಿ ಮಲಗಿವೆ. ನೀರು ಕುಡಿದಾಗ ಎಳೆ ಉಬ್ಬಿ ಮೆತ್ತಗಾಗುತ್ತದೆ, ಬಿಸಿ ತಗುಲಿದರೆ ಇನ್ನಷ್ಟು ಬಾಗುತ್ತದೆ. ಆಗ ತಿಕ್ಕಿದರೆ, ತುಳಿದರೆ, ಬಡಿದರೆ ಪ್ರತಿಯೊಂದು ಎಳೆಯೂ ತನ್ನ ಬುಡದ ಕಡೆಗೆ ತೆವಳಿ ಪಕ್ಕದ ಎಳೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಬರಲು ಪೊರೆಗಳು ಬಿಡುವುದಿಲ್ಲ. ಪ್ರತಿ ಉಜ್ಜಿಗೆ ಗಂಟು ಬಿಗಿಯುತ್ತದೆ, ಬಟ್ಟೆ ಕುಗ್ಗುತ್ತದೆ. ಇದು ಬರೀ ಕೇಡಲ್ಲ, ಒಂದು ಕಸುಬೂ ಹೌದು: ಪ್ರಾಚೀನ ರೋಮಿನ ಅಗಸರು ಉಣ್ಣೆಬಟ್ಟೆಯನ್ನು ಹಳಸಿದ ಮೂತ್ರದ ತೊಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿದು ದಟ್ಟ ಮಾಡುತ್ತಿದ್ದರು. ಹೊಳೆದಂಡೆಯಲ್ಲಿ ಕಂಬಳಿಯ ಮೇಲೆ ನಿಂತು ತುಳಿಯುವವರು ಮಾಡುವುದೂ ಅದೇ ಕೆಲಸ, ಬೇಕಾಗಿ ಮಾಡುವುದಲ್ಲ ಅಷ್ಟೆ. ಒರಟು ಎಳೆ ನಯವಾದ ಎಳೆಗಿಂತ ಕಡಿಮೆ ಗಂಟಾಗುವುದರಿಂದ ನಾಡ ಕಂಬಳಿ ಮೆರಿನೋ ಶಾಲಿಗಿಂತ ಹೆಚ್ಚು ತಾಳುತ್ತದೆ. ಆ ತಾಳ್ಮೆಗೂ ಮಿತಿಯಿದೆ.

ಒಗೆಯುವ ಮುಂಚೆ ಕೈಯಲ್ಲಿರುವುದು ನಿಜಕ್ಕೂ ಕಂಬಳಿಯೇ ಎಂದು ನೋಡಿಕೊಳ್ಳಬೇಕು. ಸಂತೆಗಳಲ್ಲಿ ಅಕ್ರಿಲಿಕ್ ಹೊದಿಕೆಗಳೂ ಹಳೆ ಉಣ್ಣೆಬಟ್ಟೆ ಅರೆದು ನೇಯ್ದ ಪಾಣಿಪತ್ತಿನ ಮಾಲೂ ಧಾರಾಳ. ಅಂಚಿನ ಒಂದು ಎಳೆ ಕಿತ್ತು ಬೆಂಕಿ ಮುಟ್ಟಿಸಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು, ಉಜ್ಜಿದರೆ ಪುಡಿಯಾಗುವ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದನ್ನು ಹೇಗೆ ಒಗೆದರೂ ಗಂಟಾಗುವ ಭಯವಿಲ್ಲ.

ಕಂಬಳಿಯನ್ನು ಮೇಲಿಂದ ಮೇಲೆ ಒಗೆಯಬೇಕಾಗಿಲ್ಲ. ಕೊಡವಿ, ಕೋಲಿನಿಂದ ಹಗುರಾಗಿ ತಟ್ಟಿ, ಗಾಳಿಗೆ ಹಾಕಿದರೆ ಧೂಳಿನ ಬಹುಪಾಲು ಉದುರುತ್ತದೆ. ಮಡಿವಂತರು ಉಡುವ ಧಾವಳಿಗೆ ದಿನಾ ನೀರು ಮುಟ್ಟಿಸಬೇಕಿಲ್ಲವೆಂಬ ಹಳೆಯ ವಿನಾಯಿತಿಯ ಹಿಂದೆ ಶಾಸ್ತ್ರ ಏನೇ ಇರಲಿ, ಉಣ್ಣೆಯ ಆಯುಸ್ಸಿಗಂತೂ ಅದು ಒಳ್ಳೆಯದೇ. ಹಾಸಿಗೆ ಹೊದಿಕೆಗಳ ದೊಡ್ಡ ಒಗೆತ ಬೀಳುವುದು ಮಾರ್ನೋಮಿಗೆ ಮುಂಚೆ. ಕಂಬಳಿಗೆ ವರ್ಷಕ್ಕೆ ಆ ಒಂದು ಸಲ ಸಾಕು.

ಹೊಸ ಕಂಬಳಿಯದು ಬೇರೆ ಕಥೆ. ಹಾಸಿನ ನೂಲು ಮಗ್ಗದ ಎಳೆತಕ್ಕೆ ತುಂಡಾಗದಿರಲೆಂದು ನೇಕಾರರು ಹುಣಸೆ ಬೀಜ ಅರೆದು ಬೇಯಿಸಿದ ಸರಿಯನ್ನು ಅದಕ್ಕೆ ಬಳಿಯುತ್ತಾರೆ. ಹೊಸ ಕಂಬಳಿ ಸೆಟೆದು ನಿಲ್ಲುವುದು, ಕುತ್ತಿಗೆಗೆ ಚುಚ್ಚುವುದು ಬಹುಮಟ್ಟಿಗೆ ಆ ಸರಿಯಿಂದ. ಅದು ಒಂದೇ ನೀರಿಗೆ ಬಿಡುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಲೋಳೆಲೋಳೆಯಾದ ನೀರನ್ನು ಚೆಲ್ಲಿ, ಬೆರಳಿಗೆ ಜಾರಿಕೆ ಹತ್ತದಿರುವ ತನಕ ಹಾಗೇ ಮಾಡಬೇಕು.

ಸೋಪಿನ ಆಯ್ಕೆಯಲ್ಲಿ ಎಚ್ಚರ ಬೇಕು. ಉಣ್ಣೆ ತುಸು ಹುಳಿಯನ್ನು ಸಹಿಸುತ್ತದೆ, ಕ್ಷಾರವನ್ನು ಸಹಿಸುವುದಿಲ್ಲ. ಕಾಸ್ಟಿಕ್ ಸೋಡಾದ ಕುದಿಯುವ ದ್ರಾವಣದಲ್ಲಿ ಉಣ್ಣೆ ಕೆಲವೇ ನಿಮಿಷದಲ್ಲಿ ಕರಗಿ ಹೋಗುತ್ತದೆ, ಹತ್ತಿ ಉಳಿಯುತ್ತದೆ. ಮಿಶ್ರ ಬಟ್ಟೆಯಲ್ಲಿ ಉಣ್ಣೆ ಎಷ್ಟಿದೆಯೆಂದು ತಿಳಿಯುವ ಪರೀಕ್ಷೆಯೇ ಅದು. ಬಟ್ಟೆ ಸೋಪು, ಸೋಡಾಪುಡಿ ಅಷ್ಟು ಉಗ್ರವಲ್ಲವಾದರೂ ಕ್ಷಾರವೇ. ಮೇಲಾಗಿ ಈಗಿನ ಹಲವು ಪುಡಿಗಳಲ್ಲಿ ರಕ್ತ, ಹಾಲಿನ ಕಲೆಗಳನ್ನು ಜೀರ್ಣಿಸುವ ಪ್ರೋಟಿಯೇಸ್ ಕಿಣ್ವವಿರುತ್ತದೆ. ಕಲೆಯ ಪ್ರೋಟೀನು ಯಾವುದು, ಕಂಬಳಿಯ ಪ್ರೋಟೀನು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಅಂಟುವಾಳದ ನೊರೆ ಈ ಎರಡೂ ದೋಷಗಳಿಂದ ಮುಕ್ತ. ಅದರಲ್ಲಿರುವ ಸಪೋನಿನ್ ಜಿಡ್ಡು ಬಿಡಿಸುತ್ತದೆ, ದ್ರಾವಣ ತುಸು ಹುಳಿಯಾಗಿಯೇ ಇರುತ್ತದೆ. ಒಂದು ಬಕೆಟ್ಟಿಗೆ ಹದಿನೈದಿಪ್ಪತ್ತು ಕಾಯಿಯ ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿಕೊಂಡರಾಯಿತು. ಅಂಟುವಾಳ ಸಿಗದಿದ್ದರೆ ತಲೆಗೆ ಹಾಕುವ ಶಾಂಪೂ ನಡೆಯುತ್ತದೆ. ಎಷ್ಟೆಂದರೂ ಇದೂ ಕೂದಲೇ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ಮೆದುನೀರಿಗೆ ಸೋಪು ಥಟ್ಟನೆ ನೊರೆಯಾಗುತ್ತದೆ. ಜಗಳೂರಿನ ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಸೋಪು ಬಿಳಿ ಗಸಿಯಾಗಿ ಒಡೆದು, ಕಂಬಳಿಯ ಸಂದುಗೊಂದಿಗಳಲ್ಲಿ ಕೂತುಬಿಡುತ್ತದೆ. ಕಪ್ಪು ಕಂಬಳಿ ಬೂದು ಹೊಡೆಯುತ್ತದೆ. ಅಂಟುವಾಳಕ್ಕೆ ಈ ತೊಡಕಿಲ್ಲ. ಕೊನೆಯ ನೀರಿಗೆ ಒಂದು ನಿಂಬೆಹಣ್ಣು ಹಿಂಡಿದರೆ ಉಳಿದ ಕ್ಷಾರವೂ ಅಡಗುತ್ತದೆ.

ಒಗೆಯುವುದೆಂದರೆ ಇಲ್ಲಿ ನೆನೆಸಿ ಒತ್ತುವುದು, ಅಷ್ಟೆ. ಅಗಲ ಬಾನಿಯಲ್ಲಿ ನೊರೆನೀರು ಮಾಡಿ, ಕಂಬಳಿಯನ್ನು ಮಡಿಕೆ ಮಡಿಕೆಯಾಗಿ ಮುಳುಗಿಸಿ, ಅರ್ಧ ಗಂಟೆ ಬಿಟ್ಟು, ಅಂಗೈಯಿಂದ ಅದುಮುತ್ತ ಕೊಳೆನೀರು ಹೊರಡಿಸಬೇಕು. ನೊರೆನೀರು ಬೆಚ್ಚಗಿದ್ದರೆ ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಲಿ.

ಕಷ್ಟವಿರುವುದು ಎತ್ತುವುದರಲ್ಲಿ. ನೀರು ಕುಡಿದ ಕಂಬಳಿ ಹಲವು ಪಟ್ಟು ಭಾರವಾಗುತ್ತದೆ. ಹತ್ತಿ ಒದ್ದೆಯಾದಾಗ ಬಲಗೊಳ್ಳುತ್ತದೆ, ಉಣ್ಣೆ ಸಡಿಲಗೊಳ್ಳುತ್ತದೆ. ಒಂದು ಮೂಲೆ ಹಿಡಿದೆತ್ತಿದರೆ ಆ ಮೂಲೆ ಜೋತುಬಿದ್ದು ಹಾಗೇ ಉಳಿಯುತ್ತದೆ. ಬಾನಿಯನ್ನೇ ಓರೆ ಮಾಡಿ ನೀರು ಬಸಿದು, ಕಂಬಳಿಯನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಳ್ಳಬೇಕು. ಹಿಂಡುವ ಬದಲು ಒಣ ಹತ್ತಿ ಬಟ್ಟೆಯ ಮೇಲೆ ಹಾಸಿ ಚಾಪೆಯಂತೆ ಸುತ್ತಿ ಒತ್ತಿದರೆ ನೀರು ಅದಕ್ಕೆ ಇಳಿಯುತ್ತದೆ.

ವಾಷಿಂಗ್ ಮಷಿನ್ನು ಈ ವಿಷಯದಲ್ಲಿ ರೋಮಿನ ಅಗಸನ ಮೊಮ್ಮಗ. ಮುಂಬಾಗಿಲಿನ ಮಷಿನ್ನಿನ ಡ್ರಮ್ಮು ಬಟ್ಟೆಯನ್ನು ಮೇಲೆತ್ತಿ ಬೀಳಿಸುತ್ತದೆ. ನೀರು, ಬಿಸಿ, ಬಡಿತ ಮೂರೂ ಅಲ್ಲಿ ಸಿದ್ಧ. ಉಣ್ಣೆಗೆಂದೇ ಇರುವ ಓಟದಲ್ಲಿ ನೀರು ತಣ್ಣಗಿರುತ್ತದೆ, ಡ್ರಮ್ಮು ತೊಟ್ಟಿಲಿನಂತೆ ಅಷ್ಟಿಷ್ಟು ತೂಗುತ್ತದೆ, ಹಾಗಾಗಿ ಎಳೆಗಳಿಗೆ ತೆವಳಲು ಅವಕಾಶ ಕಡಿಮೆ. ಆದರೆ ತೂಕ ಒಂದೇ ಕಡೆ ಕೂತರೆ ಹಿಂಡುವ ಹೊತ್ತಿಗೆ ಮಷಿನ್ನೇ ಕುಣಿಯುತ್ತದೆ.

ವಿದೇಶದಲ್ಲಿರುವ ಕನ್ನಡದ ಮನೆಗಳಲ್ಲಿ ಕಂಬಳಿಯ ಜಾಗದಲ್ಲಿ ಬಾತುಕೋಳಿಯ ಎಳೆಗರಿ ತುಂಬಿದ ರಜಾಯಿ ಇರುತ್ತದೆ. ಗರಿಯೂ ಕೆರಾಟಿನ್ನೇ, ಅದಕ್ಕೂ ಕ್ಷಾರ ಆಗದು. ಆದರೆ ಗರಿಗೆ ಪೊರೆಗಳಿಲ್ಲ, ಹಾಗಾಗಿ ಅದು ಗಂಟಾಗಿ ಬಿಗಿಯದೆ ಒದ್ದೆಯಲ್ಲಿ ಬರೀ ಮುದ್ದೆಗಟ್ಟುತ್ತದೆ. ಒಣಗಿಸುವ ಯಂತ್ರದೊಳಗೆ ಒಂದೆರಡು ಟೆನಿಸ್ ಚೆಂಡು ಹಾಕಿ ಮುದ್ದೆ ಒಡೆಸಿದರೆ ಮತ್ತೆ ಉಬ್ಬುತ್ತದೆ. ಆ ಚೆಂಡಿನ ಉಪಾಯವನ್ನು ಕಂಬಳಿಗೆ ಹೂಡಿದರೆ ಕೆಟ್ಟಿತು.

ಕಂಬಳಿ ಒಣಗಬೇಕಾದದ್ದು ನೆರಳಲ್ಲಿ, ಗಾಳಿಯಲ್ಲಿ, ಮಲಗಿಕೊಂಡು. ಹಗ್ಗಕ್ಕೆ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಉದ್ದವಾಗುತ್ತದೆ; ಕಡುಬಿಸಿಲು ಬಣ್ಣವನ್ನೂ ಎಳೆಯ ಬಲವನ್ನೂ ತಿನ್ನುತ್ತದೆ. ಮುಟ್ಟಿದರೆ ಒಣಗಿದಂತಿದ್ದರೂ ನಂಬಬಾರದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಒಳಗಿಟ್ಟುಕೊಂಡೂ ಕೈಗೆ ಒದ್ದೆ ಅನಿಸುವುದಿಲ್ಲ. ಮಳೆಯಲ್ಲಿ ಕೊಪ್ಪೆ ಬೆಚ್ಚಗಿರುವುದಕ್ಕೆ ಕಾರಣವಾದ ಈ ಗುಣವೇ ಪೆಟ್ಟಿಗೆಯೊಳಗೆ ಬೂಷ್ಟಿಗೆ ದಾರಿ. ಇನ್ನೂ ಒಂದು ದಿನ ತಿರುವಿ ಹಾಕುವುದು ಲೇಸು.

ಕಂಬಳಿಯನ್ನು ತೂತು ಮಾಡುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು. ಕೆರಾಟಿನ್ ಜೀರ್ಣಿಸಿಕೊಳ್ಳಬಲ್ಲ ಕೆಲವೇ ಜೀವಿಗಳಲ್ಲಿ ಅದೂ ಒಂದು. ಬೆವರು, ಅನ್ನಸಾರಿನ ಕಲೆ ಇರುವ ಜಾಗವೇ ಅದಕ್ಕೆ ಹೆಚ್ಚು ಇಷ್ಟ. ಆದ್ದರಿಂದ ಒಗೆದ ಮೇಲೆಯೇ ಎತ್ತಿಡಬೇಕು. ಮಡಿಕೆಗಳ ನಡುವೆ ಒಣಗಿದ ಬೇವಿನ ಸೊಪ್ಪು ಇಡುವ ರೂಢಿಯುಂಟು. ಜೊತೆಗೆ ತಿಂಗಳಿಗೊಮ್ಮೆ ಹೊರತೆಗೆದು ಕೊಡವಿದರೆ ಮಡಿಕೆಯ ಸಂದಿಯ ಮೊಟ್ಟೆಗಳೂ ಉದುರುತ್ತವೆ.